ಕಿಟ್ಟುವಿನ ಕನ್ನಡಿ: ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಗೆ ಬಂದ ಕಾಕಟೀಲ್ ಪ್ರಕರಣ

ಹಕ್ಕಿ: ಕಿಟ್ಟು, ಗಂಡು ಕಾಕಟೀಲ್ (ತಲೆಯ ಮೇಲೆ ಜುಟ್ಟಿರುವ ಸಣ್ಣ ಗಿಳಿಜಾತಿ), ಬೂದು ಮೈ, ಹಳದಿ ಮುಖ, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು. ವಯಸ್ಸು ನಾಲ್ಕರ ಆಸುಪಾಸು. ಮನೆ: ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಒಳಗೆ ಸರಿದ ಒಂದು ಅಡಿಕೆ ತೋಟದ ಹೆಂಚಿನ ಮನೆ. ಮನೆಮಂದಿ: ಯಜಮಾನರು, ಅವರ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು, ಎಂಬತ್ತರ ಹತ್ತಿರದ ಅಜ್ಜಿ. ದೂರು: ಹತ್ತಿರ ಸೇರಿಸುವುದಿಲ್ಲ, ಕೈ ಹಾಕಿದರೆ ರಕ್ತ ಬರುವ ಹಾಗೆ ಕಚ್ಚುತ್ತದೆ.

ಸಾಕುಹಕ್ಕಿಗಳ ನಡತೆ ತಿದ್ದಲು ನೆರವಾಗುವ ನನಗೆ ಮನೆಯೊಡತಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾದಿನಿ ಕೊಟ್ಟಿದ್ದು ಮಾರಾಯ್ರೆ. ಬೇಡ ಅನ್ನೋ ಹಾಗೂ ಇಲ್ಲ, ಇಟ್ಕೊಳ್ಳೋ ಹಾಗೂ ಇಲ್ಲ."

ನಾದಿನಿಯ ಸಂಸಾರ ಬೆಂಗಳೂರಿನ ಫ್ಲಾಟಿನಲ್ಲಿತ್ತು. ಕೆಲಸದ ಮೇಲೆ ವಿದೇಶಕ್ಕೆ ಹೊರಟಾಗ ಹಕ್ಕಿಯನ್ನು ಯಾರಿಗೆ ಬಿಡುವುದು ಎಂಬ ಪ್ರಶ್ನೆ ಬಂತು. ತವರುಮನೆಯಲ್ಲಿ ಜಾಗ ಧಾರಾಳವಾಗಿತ್ತು. ಹೀಗೆ ಮೇ ತಿಂಗಳ ಕೊನೆಯಲ್ಲಿ ಪಂಜರ, ಒಂದು ಡಬ್ಬ ಸೂರ್ಯಕಾಂತಿ ಬೀಜ, ಪಂಜರದೊಳಗೊಂದು ಅಂಗೈಯಗಲದ ಕನ್ನಡಿ, ಇಷ್ಟರ ಸಮೇತ ಕಿಟ್ಟು ಮಲೆನಾಡಿಗೆ ಇಳಿದ. ಕಾಕಟೀಲ್ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಿಗೆ, ಅದೂ ಮಳೆ ಹಿಡಿಯುವ ಹೊತ್ತಿಗೆ ಅದು ಬಂದದ್ದು ಈ ಪ್ರಕರಣದಲ್ಲಿ ಬರೀ ಹಿನ್ನೆಲೆಯಾಗಿ ಉಳಿಯಲಿಲ್ಲ. ಮುಂದೆ ಹೇಳುತ್ತೇನೆ.

ನಾನು ನೋಡುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಅಷ್ಟರಲ್ಲಿ ಊರಿನವರ ಸಲಹೆಗಳೂ ಸೇರಿಕೊಂಡಿದ್ದವು. ಒಬ್ಬರು ಹಸಿವಿಗೆ ಕೆಡವಿ, ತಾನೇ ದಾರಿಗೆ ಬರುತ್ತೆ ಅಂದಿದ್ದರು. ಇನ್ನೊಬ್ಬರು ಟವೆಲ್ ಹೊದಿಸಿ ದಿನಾ ಹಿಡಿದು ಅಭ್ಯಾಸ ಮಾಡಿಸಿ ಅಂದಿದ್ದರು. ಪಕ್ಕದ ತೋಟದವರದು ಮೂರನೇ ಸಲಹೆ: "ಇದನ್ನ ಹಾರಿಸಿ ಬಿಡಿ. ನಮ್ಮ ಹಳೇ ಮಾವಿನಮರದ ಪೊಟರೇಲಿ ಗಿಳಿಮರಿ ಇದಾವೆ, ಒಂದು ಕೊಡ್ತೀನಿ. ಅದಾದ್ರೆ ಮಾತೂ ಕಲೀತದೆ."

ಮೊದಲು ಈ ಮೂರನೆಯದಕ್ಕೆ ಉತ್ತರ ಕೊಡಬೇಕಾಯಿತು. ನಮ್ಮ ಕೆಂಪು ಕೊಕ್ಕಿನ ಗಿಳಿ, ಘಟ್ಟದಲ್ಲಷ್ಟೇ ಸಿಗುವ ನೀಲಿ ರೆಕ್ಕೆಯ ಮಲಬಾರ್ ಗಿಳಿ, ಹೀಗೆ ಇಲ್ಲಿನ ಕಾಡುಗಿಳಿಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಪೊಟರೆಯಿಂದ ಮರಿ ತೆಗೆಯುವುದೂ ಅಪರಾಧ, ಮನೆಯಲ್ಲಿ ಸಾಕುವುದೂ ಅಪರಾಧ. "ನಮ್ಮಜ್ಜ ಸಾಕಿದ್ದರು" ಎಂಬುದು ಅದಕ್ಕೆ ರಿಯಾಯಿತಿ ಅಲ್ಲ. ಹೊರದೇಶದ ಹಕ್ಕಿಗಳ ಲೆಕ್ಕ ಬೇರೆ. ಕಾನ್ಯೂರ್, ಮಕಾವ್, ಆಫ್ರಿಕನ್ ಗ್ರೇ ಮುಂತಾದವು ಸೈಟಿಸ್ ಪಟ್ಟಿಯಲ್ಲಿವೆ, ಅಂದರೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. ಅಂಥವನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಕಟೀಲ್, ಬಜರಿಗರ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕಿಟ್ಟುವಿಗೆ ಕಾಗದಪತ್ರದ ತಲೆನೋವು ಇರಲಿಲ್ಲ.

ಹಾರಿಸಿ ಬಿಡುವ ಮಾತು ಅಜ್ಜಿಯ ಬಾಯಲ್ಲೂ ಇತ್ತು, ಕಾರಣ ಮಾತ್ರ ಬೇರೆ. "ರೆಕ್ಕೆ ಇರೋದನ್ನ ಕಟ್ಟಿ ಹಾಕಿದ್ರೆ ಪಾಪ ಬರ್ತದೆ." ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ, ನಮ್ಮ ಕಾಡಿನ ಗಿಳಿಯಾಗಿದ್ದರೆ ನಾನೂ ಅವರ ಪಕ್ಷವೇ. ಆದರೆ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಈ ಜಾತಿಯನ್ನು ಅಂಗಳದಲ್ಲಿ ಹಾರಿಬಿಟ್ಟರೆ ಹೊಟ್ಟೆ ಹೊರೆದುಕೊಳ್ಳುವ ಮೊದಲೇ ಕಾಗೆಯೋ ಬಿಜ್ಜು ಗಿಡುಗವೋ ಮುಗಿಸುತ್ತದೆ. ಇದನ್ನು ಹೇಳಿದಾಗ ಅಜ್ಜಿ ಒಪ್ಪಿದರು ಅಂತಲ್ಲ, ಸುಮ್ಮನಾದರು.

ಪಂಜರದ ಹತ್ತಿರ ಕೂತು ನೋಡಿದಾಗ

ಪಂಜರವನ್ನು ಜಗಲಿಯ ತೊಲೆಗೆ ನೇತುಹಾಕಿದ್ದರು. ಬಂದವರಿಗೆಲ್ಲ ಕಾಣಲಿ ಎಂಬ ಆಸೆ. ನಾಲ್ಕೂ ಕಡೆ ಬಯಲು. ಕೆಳಗೆ ಬೆಕ್ಕು, ಎದುರಿನ ದಾಸವಾಳದ ಮೇಲೆ ಕಾಗೆ, ಅಂಗಳದಲ್ಲಿ ನಾಟಿಕೋಳಿ. ತೋಟದ ಕೆಲಸದವರು ಬರುತ್ತ ಹೋಗುತ್ತ ಪಂಜರಕ್ಕೆ ಒಂದು ಬೆರಳು ತೂರಿಸಿಯೇ ಮುಂದೆ ಹೋಗುತ್ತಿದ್ದರು.

ಕಾಕಟೀಲಿನ ಮನಸ್ಸು ಅದರ ಜುಟ್ಟಿನಲ್ಲಿ ಓದಲು ಸಿಗುತ್ತದೆ. ಜುಟ್ಟು ಅರ್ಧ ಎದ್ದು ಹಿಂದಕ್ಕೆ ವಾಲಿದ್ದರೆ ನೆಮ್ಮದಿ. ನೆಟ್ಟಗೆ ನಿಂತರೆ ಏನೋ ಗಮನಕ್ಕೆ ಬಿದ್ದಿದೆ, ಅದು ಕುತೂಹಲವೂ ಆಗಬಹುದು, ಗಾಬರಿಯೂ ಆಗಬಹುದು. ತಲೆಗೆ ಅಂಟಿ, ಮೈಗರಿಯೂ ಒತ್ತಿಕೊಂಡು, ಬಾಯಿ ತೆರೆದು ಬುಸ್ ಅಂದರೆ "ದೂರ ಹೋಗು" ಎಂದು. ಅದಕ್ಕೂ ಜಗ್ಗದಿದ್ದರೆ ಕೊಕ್ಕಿನಲ್ಲಿ ಒಂದು ಹುಸಿ ಪೆಟ್ಟು. ಆಮೇಲೆ ಕಚ್ಚುವುದು. ಕಿಟ್ಟು ಈ ಎಲ್ಲ ಮೆಟ್ಟಿಲು ಹಾರಿಸಿ ನೇರವಾಗಿ ಕಚ್ಚುತ್ತಿದ್ದ. ಬುಸ್ ಅಂದಾಗ, ಹುಸಿಪೆಟ್ಟು ಕೊಟ್ಟಾಗ ಕೈ ಹಿಂದೆ ಹೋಗಲಿಲ್ಲ, ರಕ್ತ ಬಂದಾಗ ಮಾತ್ರ ಹೋಯಿತು. ಎರಡು ಮನೆಗಳ ಮನುಷ್ಯರೂ ಸೇರಿ ಅವನಿಗೆ ಇದನ್ನು ಚೆನ್ನಾಗಿಯೇ ಕಲಿಸಿದ್ದರು. ಕಚ್ಚುವ ಹಕ್ಕಿಯನ್ನು ಸಿಟ್ಟಿನ ಹಕ್ಕಿ ಎಂದು ಕರೆಯುವ ರೂಢಿ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊದಲು ಹೇಳಿದ್ದನ್ನು ಯಾರೂ ಕೇಳದ ಹಕ್ಕಿ ಅದು.

ಇನ್ನೊಂದು ಸಂಗತಿ ಗಮನಿಸಲು ಹೆಚ್ಚು ಹೊತ್ತು ಕೂರಬೇಕಾಯಿತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕಿಟ್ಟು ಜುಟ್ಟೆತ್ತಿ ಅದೇ ಸ್ವರದಲ್ಲಿ ಸಿಳ್ಳೆ ಹಾಕಿ, ತಕ್ಷಣ ಕನ್ನಡಿಯತ್ತ ಸರಿದ. ರೆಕ್ಕೆಯ ಭುಜ ಎರಡನ್ನೂ ಮೈಯಿಂದ ಸ್ವಲ್ಪ ಎತ್ತಿ ಹಿಡಿದ. ಹಿಂದಿನಿಂದ ನೋಡಿದರೆ ಬೆನ್ನು ಹೃದಯದ ಆಕಾರಕ್ಕೆ ಬಂದಿತ್ತು. ತಲೆ ಬಗ್ಗಿಸಿ ಕನ್ನಡಿಯ ಅಂಚಿಗೆ ಟಕ್ ಟಕ್ ಕುಕ್ಕಿದ, ಮತ್ತೆ ಸಿಳ್ಳೆ, ಮತ್ತೆ ಕುಕ್ಕು. ನುಂಗಿದ ಬೀಜವನ್ನು ಮತ್ತೆ ಬಾಯಿಗೆ ತಂದು ಗಾಜಿಗೆ ಒರೆಸಿದ. ಗಾಜಿನ ಕೆಳಗಿನ ಅರ್ಧ ಅದರ ಪದರದಿಂದ ಮಸುಕಾಗಿತ್ತು. ಗಂಡು ಕಾಕಟೀಲ್ ಸಂಗಾತಿಗೆ ಮಾಡುವ ಉಪಚಾರವೆಲ್ಲ ಇದೇ.

ಆಗ ಪಂಜರದ ಬಾಗಿಲು ಎಲ್ಲಿದೆ ಎಂದು ನೋಡಿದೆ. ಕನ್ನಡಿಗೂ ಬಾಗಿಲಿಗೂ ನಡುವೆ ಒಂದು ಗೇಣು. ಒಳಗೆ ಬಂದ ಪ್ರತಿ ಕೈಯೂ ಅವನ ಸಂಗಾತಿಯ ಮೈಮೇಲೆ ಬಂದ ಹಾಗೆ. ಮನೆಯವರು ನಮಗೆ ಹೊಂದಿಕೊಳ್ಳುತ್ತಿಲ್ಲ ಅನ್ನುತ್ತಿದ್ದರು. ಅವನು ಆಗಲೇ ಒಬ್ಬರ ಜೊತೆ ಹೊಂದಿಕೊಂಡು ಸಂಸಾರ ನಡೆಸುತ್ತಿದ್ದ, ಹಗಲಿಡೀ ಕಾವಲು ಕಾಯುತ್ತಿದ್ದ. ಹೊಸ ಹಕ್ಕಿ ಮನೆಗೆ ಬಂದಾಗ ಅದು ನಮ್ಮ ಹತ್ತಿರ ಬರುತ್ತದೋ ಇಲ್ಲವೋ ನೋಡುವ ಮೊದಲು, ಅದು ಯಾವುದರ ಹತ್ತಿರ ಇದೆ ಎಂದು ನೋಡಬೇಕು. ಈ ಪ್ರಕರಣವನ್ನು ಬರೆಯುತ್ತಿರುವುದೇ ಮುಖ್ಯವಾಗಿ ಈ ಕಾರಣಕ್ಕೆ.

ಉಳಿದದ್ದು ಎರಡು ಸಾಲಿನಲ್ಲಿ: ರೆಕ್ಕೆಯ ಗರಿಗಳನ್ನು ಒಂದೇ ಪಕ್ಕಕ್ಕೆ ಕತ್ತರಿಸಿದ್ದರಿಂದ ಹಾರಹೋದರೆ ಸುತ್ತಿ ನೆಲಕ್ಕೆ ಬೀಳುತ್ತಿದ್ದ. ಆ ಕತ್ತರಿ ಕೆಲಸಕ್ಕೆ ಪ್ರತಿಸಲ ಟವೆಲ್ಲಿನಲ್ಲಿ ಸುತ್ತಿ ಹಿಡಿಯುತ್ತಿದ್ದರಂತೆ, ಹಾಗಾಗಿ ಟವೆಲ್ ಸಲಹೆ ಕೊಟ್ಟವರ ಬಾಯಿ ಮುಚ್ಚಿಸುವುದು ಸುಲಭವಾಯಿತು.

ಮೊದಲು ಆಸ್ಪತ್ರೆ, ಆಮೇಲೆ ಪಾಠ

ನೋವಿರುವ ಹಕ್ಕಿಗೆ ಏನನ್ನೂ ಕಲಿಸಲಾಗದು. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಪಶುವೈದ್ಯಕೀಯ ಕಾಲೇಜು ಇರುವ ಊರು ಶಿವಮೊಗ್ಗ, ಹಕ್ಕಿ ನೋಡಬಲ್ಲ ವೈದ್ಯರು ಹುಡುಕಿದರೆ ಸಿಗುತ್ತಾರೆ. ಹಿಕ್ಕೆ ಪರೀಕ್ಷೆಯಲ್ಲಿ ಹುಳು ಇರಲಿಲ್ಲ, ಉಸಿರಾಟ ಸರಿಯಿತ್ತು. ತೂಕ ಮಾತ್ರ 121 ಗ್ರಾಂ. ಈ ಜಾತಿಗೆ 80ರಿಂದ 100 ಗ್ರಾಂ ಆಸುಪಾಸು ಸಾಮಾನ್ಯ. ಬಟ್ಟಲ ತುಂಬ ಸೂರ್ಯಕಾಂತಿ ಬೀಜ ತಿಂದು ಎದೆಯ ಮೇಲೆ ಕೊಬ್ಬು ಕೂತಿತ್ತು. ಬರೀ ಬೀಜದ ಮೇಲೆ ಬದುಕುವ ಹಕ್ಕಿಗೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ, ಎ ಜೀವಸತ್ವ ಸಾಲದೆ ಬಾಯಿ ಮೂಗಿನ ಸೋಂಕುಗಳು ಬರುತ್ತವೆ.

ಆಹಾರ ಬದಲಾಯಿಸುವಾಗ ಅವಸರ ಕೂಡದು. ಅಭ್ಯಾಸವಿಲ್ಲದ ವಸ್ತುವನ್ನು ಹಕ್ಕಿ ಆಹಾರ ಎಂದೇ ಗುರುತಿಸದೆ, ತುಂಬಿದ ಬಟ್ಟಲಿನ ಎದುರು ಉಪವಾಸ ಬೀಳಬಹುದು. ಅದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಸಣ್ಣ ಗೂಟ ಕೂರಿಸಿ ಬೆಳಿಗ್ಗೆ ಬೆಳಿಗ್ಗೆ ತೂಕ ಬರೆದಿಡುವ ಕೆಲಸ ಮಗಳಿಗೆ ಬಂತು. ಅವಸರದಲ್ಲಿ ಹತ್ತನೇ ಒಂದು ಭಾಗ ತೂಕ ಇಳಿದರೆ ಬದಲಾವಣೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಬೇಕು ಎಂಬುದು ಷರತ್ತು. ಸೂರ್ಯಕಾಂತಿಯ ಜಾಗಕ್ಕೆ ನವಣೆ, ಸಾಮೆ, ಸಜ್ಜೆ. ಜೊತೆಗೆ ಮೊಳಕೆ ಬಂದ ಹೆಸರುಕಾಳು, ಬೇಯಿಸಿದ ಗೆಣಸು, ನುಗ್ಗೆಸೊಪ್ಪು, ತುರಿದ ಕ್ಯಾರೆಟ್. ಹಸಿಮೆಣಸಿನಕಾಯಿ ಸೀಳಿಟ್ಟಾಗ ಅಜ್ಜಿ ಬೈದರು, ಆದರೆ ಹಕ್ಕಿಗೆ ಖಾರ ತಗುಲುವುದಿಲ್ಲ. ಬೀಜವನ್ನೆಲ್ಲ ಆರಿಸಿ ತಿಂದು ಸಿಪ್ಪೆ ಕೆಳಗೆ ಹಾಕಿದ.

ಕೊಡಬಾರದ್ದರಲ್ಲಿ ಮಲೆನಾಡಿನವರು ವಿಶೇಷವಾಗಿ ನೆನಪಿಡಬೇಕಾದ್ದು ಬೆಣ್ಣೆಹಣ್ಣು. ಈ ಮನೆಯ ಹಿತ್ತಲಲ್ಲೇ ಮರವಿತ್ತು. ನಮಗೆ ಪುಷ್ಟಿ, ಗಿಳಿಗಳಿಗೆ ವಿಷ. ಹೃದಯಕ್ಕೆ ಪೆಟ್ಟು ಬಿದ್ದು ಬೇಗ ಸಾಯುತ್ತವೆ. ಚಾಕಲೇಟ್, ಕಾಫಿಪುಡಿಯೂ ಬೇಡ. ಕೂರಲು ಪೇರಳೆ ಕೊಂಬೆ ಹಾಕುತ್ತೇವೆ ಅಂದರು, ಒಳ್ಳೆಯದೇ. ಆದರೆ ಆ ಪೇರಳೆ ಅಡಿಕೆಮರಗಳ ಕೆಳಗಿತ್ತು. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಎಲೆತೊಗಟೆಯ ಮೇಲೆಲ್ಲ ನೀಲಿಗಟ್ಟಿತ್ತು. ಕೊಂಬೆ ಕಡಿಯುವುದೇ ಹಕ್ಕಿಯ ಕಸುಬು, ತಾಮ್ರ ನೇರ ಹೊಟ್ಟೆಗೆ ಹೋಗುತ್ತದೆ. ಮನೆಯ ಮುಂದಿನ ಗಿಡದ ಕೊಂಬೆ ತೊಳೆದು ಒಣಗಿಸಿ ಹಾಕಿದರು.

ಹೊಗೆಯದು ಇನ್ನೊಂದು ದೊಡ್ಡ ಅಧ್ಯಾಯ. ಬಚ್ಚಲ ಒಲೆ, ಸೊಳ್ಳೆ ಬತ್ತಿ, ಊದುಬತ್ತಿ, ಎಲ್ಲವೂ ಹಕ್ಕಿಯ ಶ್ವಾಸಕೋಶಕ್ಕೆ ನಮಗಿಂತ ಬಹಳ ಬೇಗ ತಟ್ಟುತ್ತವೆ. ಒಲೆಯ ಮೇಲೆ ಮರೆತು ಸುಟ್ಟ ನಾನ್‌ಸ್ಟಿಕ್ ತವೆಯ ಆವಿಯಂತೂ ನಿಮಿಷಗಳಲ್ಲಿ ಕೊಲ್ಲಬಲ್ಲದು. ದೋಸೆಗೆ ಹಳೆಯ ಕಬ್ಬಿಣದ ಕಾವಲಿ ಮತ್ತೆ ಕೆಳಗಿಳಿಯಿತು. ದೋಸೆ ರುಚಿಯಾಗಿದೆ ಎಂದು ಯಜಮಾನರು ಅದರ ಕೀರ್ತಿಯನ್ನು ಕಿಟ್ಟುವಿಗೆ ಕೊಟ್ಟರು.

ಕನ್ನಡಿ ತೆಗೆದದ್ದು

ಪಂಜರವನ್ನು ಜಗಲಿಯಿಂದ ನಡುಮನೆಯ ಮೂಲೆಗೆ ತಂದೆವು. ಎರಡು ಕಡೆ ಗೋಡೆ, ಕಣ್ಣಿನ ಮಟ್ಟಕ್ಕೆ ಮೇಜು. ಮೂಲೆ ಸಿಕ್ಕಿದರೆ ಹಕ್ಕಿಗೆ ಕಾಯಬೇಕಾದ ದಿಕ್ಕುಗಳು ಎರಡಕ್ಕೆ ಇಳಿಯುತ್ತವೆ. ಕೋಳಿಗೂಡಿಗೆ ಹೋಗಿ ಬಂದವರು ಸೋಪಿನಲ್ಲಿ ಕೈ ತೊಳೆದೇ ಪಂಜರದ ಹತ್ತಿರ ಬರಬೇಕು ಎಂದಾಯಿತು.

ಕನ್ನಡಿಯನ್ನು ಒಂದೇ ದಿನ ಕಿತ್ತೆಸೆಯಬಹುದು, ಹಾಗೆ ಮಾಡುವವರೂ ಇದ್ದಾರೆ. ಊರು ಬದಲು, ಮನೆ ಬದಲು, ಮನುಷ್ಯರು ಬದಲು, ಅದರ ಮೇಲೆ ಇದ್ದೊಬ್ಬ ಜೊತೆಗಾರನೂ ಮಾಯ. ಇಷ್ಟೂ ಒಟ್ಟಿಗೆ ಬೇಡ ಅನ್ನಿಸಿತು. ಮೊದಲು ಕನ್ನಡಿ ಬಾಗಿಲಿನಿಂದ ದೂರದ ಮೂಲೆಗೆ ಹೋಯಿತು. ಆಮೇಲೆ ಪಂಜರದ ಹೊರಗೆ. ಆಮೇಲೆ ಬೆಳಗಿನ ಹೊತ್ತು ಮಾತ್ರ. ಒಂದೊಂದು ಹೆಜ್ಜೆಗೂ ಕೊಕ್ಕಿಗೆ ಬೇರೆ ಕೆಲಸ ಕೊಟ್ಟೆವು: ಊಟದ ಅಡಿಕೆ ಹಾಳೆತಟ್ಟೆಯ ತುಂಡುಗಳು, ಜೋಳದ ಸಿಪ್ಪೆಯ ಪೊಟ್ಟಣದೊಳಗೆ ನಾಲ್ಕು ಕಾಳು. ತೋಟದಲ್ಲಿ ಬಿದ್ದ ಹಸಿ ಹಾಳೆ ಬೇಡವೆಂದು ಹೇಳಿದ್ದೆ, ಮಳೆಗಾಲದಲ್ಲಿ ಅದರ ತುಂಬ ಬೂಸ್ಟು. ಕಾಕಟೀಲ್ ಚೂರು ಮಾಡುವುದರಲ್ಲಿ ನಿಸ್ಸೀಮ, ಮಗಳು ದಿನಕ್ಕೊಂದು ತಟ್ಟೆ ಕತ್ತರಿಸಿ ಕೊಡತೊಡಗಿದಳು. ಜುಲೈ ಹೊತ್ತಿಗೆ ಕನ್ನಡಿ ಬೀರು ಸೇರಿತು. ಮೊದಲ ಎರಡು ಮೂರು ದಿನ ಕೂಗಿದ. ಆಮೇಲೆ ಕೂಗಿಗೆ ಉತ್ತರ ಕೊಡುವ ಮನುಷ್ಯರನ್ನು ಹುಡುಕತೊಡಗಿದ. ನಮಗೆ ಬೇಕಾಗಿದ್ದ ಬಾಗಿಲು ಅದೇ.

ಅಷ್ಟು ದಿನವೂ ಅವನನ್ನು ಹಿಡಿಯಲೆಂದು ಕೈ ಒಳಗೆ ಹೋಗಿರಲಿಲ್ಲ. ನಿಯಮ ಒಂದೇ: ಪಂಜರದ ಪಕ್ಕ ಹಾದುಹೋದವರು ಬಟ್ಟಲಿಗೆ ಒಂದು ಸೂರ್ಯಕಾಂತಿ ಬೀಜ ಹಾಕಿ, ನಿಲ್ಲದೆ ಮುಂದೆ ಹೋಗಬೇಕು. ಊಟದ ಬಟ್ಟಲಿನಿಂದ ಸೂರ್ಯಕಾಂತಿ ತೆಗೆದಿದ್ದರಿಂದ ಅದಕ್ಕೀಗ ಬೆಲೆ ಬಂದಿತ್ತು. ಹಸಿವಿಗೆ ಕೆಡವುವುದು ಬೇರೆ, ಇಷ್ಟದ ತಿನಿಸನ್ನು ಪಾಠಕ್ಕೆ ಎತ್ತಿಡುವುದು ಬೇರೆ. ಊರವರ ಸಲಹೆಯಲ್ಲಿ ಈ ಎರಡೂ ಕಲಸಿಹೋಗಿದ್ದವು. ಹೊಟ್ಟೆ ತುಂಬ ಎರಡು ಹೊತ್ತಿನ ಊಟ ಯಾವತ್ತೂ ತಪ್ಪಲಿಲ್ಲ.

ಬಹುಮಾನಕ್ಕೆ ಇನ್ನೊಂದು ವಸ್ತು ಬಯಲುಸೀಮೆಯಿಂದ ಬಂತು. ಸಾಕುಹಕ್ಕಿ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ದುಬಾರಿಗೆ ಮಾರುವ ಮಿಲೆಟ್ ಸ್ಪ್ರೇ ಅಂದರೆ ಇಡೀ ನವಣೆ ತೆನೆ, ಅಷ್ಟೇ. ಯಜಮಾನರು ಚಿತ್ರದುರ್ಗದ ಕಡೆ ಹೋದಾಗ ಒಂದು ಕಟ್ಟು ಹಿಡಿದು ತಂದರು. ಗೇಣುದ್ದದ ತೆನೆಯ ಒಂದು ತುದಿ ಮಗಳ ಕೈಯಲ್ಲಿ, ಇನ್ನೊಂದು ಕಿಟ್ಟುವಿನ ಕೊಕ್ಕಿನಲ್ಲಿ. ದಿನಗಳು ಕಳೆದ ಹಾಗೆ ತೆನೆ ಗಿಡ್ಡವಾಗುತ್ತ ಬಂತು.

ಕಲಿಸುವ ಪಾಠಕ್ಕೆ ಬೇಕಾದ ಸಾಮಗ್ರಿ ಒಂದು ಐಸ್‌ಕ್ಯಾಂಡಿ ಕಡ್ಡಿ, ಒಂದು ಟಕ್ಕೆನ್ನುವ ಬಾಲ್‌ಪೆನ್. ಮೊದಲು ಪೆನ್ನು ಟಕ್ ಅಂದಾಗಲೆಲ್ಲ ಒಂದು ಕಾಳು, ಬೇರೇನಿಲ್ಲ. ಸದ್ದಿಗೂ ಕಾಳಿಗೂ ನಂಟು ಬಿದ್ದ ಮೇಲೆ ಸರಳಿನ ಹೊರಗಿನಿಂದ ಕಡ್ಡಿಯ ತುದಿ ತೋರಿಸುವುದು. ಕುತೂಹಲಕ್ಕೆ ಕೊಕ್ಕು ತಾಗಿಸಿದ ಆ ಕ್ಷಣಕ್ಕೇ ಟಕ್, ಆಮೇಲೆ ಕಾಳು. ಕಾಳು ಕೊಡುವುದು ಅರೆಗಳಿಗೆ ತಡವಾದರೂ ಪರವಾಗಿಲ್ಲ, ಟಕ್ ತಡವಾಗಬಾರದು. ಯಾವುದಕ್ಕೆ ಬಹುಮಾನ ಬಂತೆಂದು ಹಕ್ಕಿಗೆ ಹೇಳುವುದು ಆ ಸದ್ದೇ. ಮುಂದೆ ಕಡ್ಡಿ ಎಡಕ್ಕೆ ಹೋದರೆ ಅವನೂ ಎಡಕ್ಕೆ, ಮೇಲಿನ ಕೋಲಿಗೆ ಹೋದರೆ ಅವನೂ ಮೇಲಕ್ಕೆ. ಮುಟ್ಟದೆ, ತಳ್ಳದೆ, ಹಕ್ಕಿಯನ್ನು ಬೇಕಾದ ಕಡೆ ಕರೆದೊಯ್ಯುವ ವಿದ್ಯೆ ಸಿಕ್ಕಿತು. ಊಟಕ್ಕೆ ಮುಂಚೆ ನಾಲ್ಕೈದು ನಿಮಿಷ ಪಾಠ, ಅವನಿಗೆ ಇನ್ನೂ ಬೇಕು ಅನ್ನಿಸುವಾಗಲೇ ಮುಗಿತಾಯ.

ಕೈಗೆ ಹತ್ತಿಸುವುದು ಕೊನೆಗೆ ಬಂತು. ಮೊದಲು ಪೇರಳೆ ಕೋಲಿಗೆ, ಕೋಲನ್ನು ಗಿಡ್ಡ ಹಿಡಿಯುತ್ತ ಬಂದು ಆಮೇಲೆ ಬೆರಳಿಗೆ. ಈ ಹಂತದಲ್ಲಿ ಮಗಳಿಗೆ ಕಷ್ಟವಾದದ್ದು ಕೈ ಹಿಂದೆಗೆಯುವುದು. ಜುಟ್ಟು ಅಂಟಿತೋ, ಮೈ ಹಿಂದಕ್ಕೆ ವಾಲಿತೋ, ತಕ್ಷಣ ಕೈ ದೂರ ಹೋಗಬೇಕು, ಕಚ್ಚುವ ಮೊದಲೇ. "ಹಾಗೆ ಮಾಡಿದ್ರೆ ಹೆದರಿಸೋದು ಕಲಿಯಲ್ವಾ?" ಎಂದು ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದು ಕಲಿಯುವುದು ಬುಸ್ ಅಂದರೆ ಸಾಕು, ಕಚ್ಚಬೇಕಾಗಿಲ್ಲ ಎಂದು. ಕಿಟ್ಟು ಮತ್ತೆ ಬುಸ್ ಅನ್ನಲು ಶುರು ಮಾಡಿದ ದಿನ ಮನೆಯವರು ಕೆಟ್ಟಿತು ಎಂದು ಫೋನ್ ಮಾಡಿದರು. ನನಗೆ ಅದೇ ಒಳ್ಳೆ ಸುದ್ದಿ.

ಕರೆಂಟು ಹೋದ ರಾತ್ರಿ

ಆಷಾಢದ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಸುದ್ದಿಯೇ ಅಲ್ಲ. ಆ ರಾತ್ರಿ ಗುಡುಗೂ ಇತ್ತು, ಅಟ್ಟದ ಮೇಲೆ ಇಲಿ ಓಡಾಟವೂ ಇತ್ತು. ಗವ್ವೆನ್ನುವ ಕತ್ತಲಲ್ಲಿ ಪಂಜರದೊಳಗೆ ದಡಬಡ ಶುರುವಾಯಿತು. ಕಾಕಟೀಲ್‌ಗಳಲ್ಲಿ ಈ ರಾತ್ರಿಯ ಗಾಬರಿ ಹೆಚ್ಚು. ಏನೋ ಸದ್ದಿಗೆ ಬೆಚ್ಚಿ ಹಾರಲು ಹೋಗುತ್ತವೆ, ಕತ್ತಲಲ್ಲಿ ಸರಳಿಗೆ ಬಡಿದುಕೊಳ್ಳುತ್ತವೆ, ಬಡಿದುಕೊಂಡದ್ದಕ್ಕೆ ಮತ್ತೆ ಬೆಚ್ಚುತ್ತವೆ. ಕಿಟ್ಟುವಿಗೆ ಆಗ ಹೊಸ ರೆಕ್ಕೆಗರಿಗಳು ಮೂಡುತ್ತಿದ್ದವು. ಬೆಳೆಯುವ ಗರಿಯ ದಂಟಿನಲ್ಲಿ ರಕ್ತ ಹರಿಯುತ್ತಿರುತ್ತದೆ. ಅಂಥದ್ದೊಂದು ಮುರಿದು ಗೋಡೆಯ ಮೇಲೆಲ್ಲ ರಕ್ತದ ಹನಿ.

ಮೊದಲು ಎದ್ದು ಬಂದವರು ಅಜ್ಜಿ, ಅವರಿಗೆ ಹೇಗೂ ನಿದ್ದೆ ಕಮ್ಮಿ. ಟಾರ್ಚನ್ನು ಹಕ್ಕಿಯ ಮೇಲೆ ಬಿಡದೆ ಗೋಡೆಗೆ ಹಿಡಿದು, ಪಂಜರದ ಪಕ್ಕದ ಮಣೆಯ ಮೇಲೆ ಕೂತು, "ಎಂತ ಇಲ್ಲ, ಎಂತ ಇಲ್ಲ, ಮಳೆ ಅಷ್ಟೇ" ಅನ್ನುತ್ತ ಇದ್ದರಂತೆ. ಯಾರೂ ಹೇಳಿಕೊಟ್ಟದ್ದಲ್ಲ. ಬೆಳಕು, ಪರಿಚಯದ ದನಿ, ಒಳಗೆ ಕೈ ಹಾಕದಿರುವುದು: ಆ ಹೊತ್ತಿಗೆ ಬೇಕಾದ್ದು ಈ ಮೂರೇ. ಅವನು ತಣ್ಣಗಾದ ಮೇಲೆ ಗರಿಯ ಬುಡಕ್ಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದು ರಕ್ತ ನಿಲ್ಲಿಸಿದರು. ನಿಲ್ಲದಿದ್ದರೆ ವೈದ್ಯರೇ ಆ ಗರಿ ಕೀಳಬೇಕಾಗುತ್ತಿತ್ತು, ಆ ರಾತ್ರಿ ಶಿವಮೊಗ್ಗದವರೆಗೆ ಹೋಗುವ ರಸ್ತೆಯೂ ಇರಲಿಲ್ಲ.

ಮರುದಿನ ಇನ್ವರ್ಟರಿಗೆ ಒಂದು ಜೀರೋ ಬಲ್ಬು ಜೋಡಿಸಿದರು, ಪಂಜರದ ಹೊದಿಕೆ ಒಂದು ಪಕ್ಕ ತೆರೆದಿಟ್ಟರು. ಕಲಿತದ್ದೆಲ್ಲ ಹಿಂದೆ ಸರಿದಿತ್ತು, ಬೆರಳು ಬಿಡಿ, ಕೋಲಿಗೂ ಹತ್ತಲಿಲ್ಲ. ಪಾಠವನ್ನು ಮತ್ತೆ ಕಡ್ಡಿ ಮುಟ್ಟುವಲ್ಲಿಂದ ಎತ್ತಿಕೊಂಡೆವು. ಎರಡನೇ ಸಲ ಬಹಳ ಬೇಗ ಮುಂದೆ ಬಂದ.

ಬದಲಾದದ್ದು ಇನ್ನೊಂದಿದೆ. ಮಧ್ಯಾಹ್ನ ಅಜ್ಜಿ ನಡುಮನೆಯಲ್ಲಿ ಅಕ್ಕಿ ಆರಿಸಲು ಕೂತರೆ ಕಿಟ್ಟು ಆ ಬದಿಯ ಸರಳಿಗೆ ಬಂದು ತಲೆ ಬಗ್ಗಿಸಿ, ಕತ್ತಿನ ಗರಿ ಉಬ್ಬಿಸಿ ನಿಲ್ಲತೊಡಗಿದ. ತುರಿಸು ಎಂಬ ಅರ್ಜಿ ಅದು. ಪಾಪ ಬರುತ್ತದೆ ಎಂದಿದ್ದವರು ಒಂದು ಬೆರಳು ತೂರಿಸಿ ಕೆನ್ನೆಯ ಬೊಟ್ಟಿನ ಹಿಂದೆ ತುರಿಸಿದರು. ಮುಟ್ಟುವುದು ತಲೆ ಕತ್ತಿಗೆ ಮಾತ್ರ ಇರಲಿ, ಬೆನ್ನು ಸವರಬೇಡಿ ಎಂದಷ್ಟೇ ನಾನು ಹೇಳಬೇಕಾಯಿತು. ಬೆನ್ನು ಸವರಿದರೆ ಹಕ್ಕಿಗೆ ಕೂಡುವ ಕಾಲದ ಸೂಚನೆ ಸಿಗುತ್ತದೆ, ಮತ್ತೆ ಕಾವಲು, ಮತ್ತೆ ಕಚ್ಚಾಟ. ಕನ್ನಡಿಯ ಜಾಗದಲ್ಲಿ ಅಜ್ಜಿಯನ್ನು ಕೂರಿಸಿದ ಹಾಗಾಗುತ್ತದೆ.

ಆ ಅಪಾಯ ನಿಜವಾಗಿಯೂ ಹತ್ತಿರ ಬಂದಿತ್ತು. ಅಜ್ಜಿಯ ಪಕ್ಕ ಸೊಸೆ ಕೂತರೆ ಬುಸ್ ಎನ್ನುತ್ತಿದ್ದ. ಅದಕ್ಕೆ ನವಣೆ ತೆನೆ ಕೊಡುವ ಹಕ್ಕನ್ನು ಅಜ್ಜಿಯಿಂದ ತೆಗೆದು ಉಳಿದವರಿಗೆ ಹಂಚಿದೆವು. ಅಜ್ಜಿಗೆ ಸ್ವಲ್ಪ ಬೇಸರವಾಯಿತು.

ಹಾರಿದ್ದು

ಗರಿ ಪೂರ್ತಿ ಬಂದ ಮೇಲೆ ಮತ್ತೆ ಕತ್ತರಿಸುವುದು ಬೇಡವೆಂದು ಮನೆಯವರೇ ತೀರ್ಮಾನಿಸಿದರು. ಹಾರುವ ಹಕ್ಕಿ ಕೈಗೆ ಬಂದರೆ ಅದು ತಾನಾಗಿ ಬಂದದ್ದು ಎಂದು ನಂಬಬಹುದು. ಆದರೆ ಹೆಂಚಿನ ಮನೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಇರುತ್ತದೆ, ಹಕ್ಕಿ ನುಸುಳಿದರೆ ತೋಟದ ಪಾಲು. ಮುಚ್ಚಿಗೆ ಹಾಕಿದ ಒಂದೇ ಕೋಣೆಯನ್ನು ಹಾರಾಟಕ್ಕೆ ಆರಿಸಿದೆವು. ಫ್ಯಾನಿನ ಸ್ವಿಚ್ಚಿಗೆ ಟೇಪು, ಕಿಟಕಿಗೆ ಸೊಳ್ಳೆ ಪರದೆ, ಬೆಕ್ಕು ಹೊರಗೆ.

ದೀಪಾವಳಿಗೆ ನೆಂಟರು ತುಂಬಿದ್ದಾಗ ಯಾರೋ ಬಾಗಿಲು ತೆಗೆದರು. ಕಿಟ್ಟು ನಡುಮನೆಗೆ ಹಾರಿ ನೆತ್ತಿಯ ತೊಲೆಯ ಮೇಲೆ ಕೂತ. ಒಬ್ಬರು ಪೊರಕೆ ತಂದರು, ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಮಗಳು ಎಲ್ಲರನ್ನೂ ಜಗಲಿಗೆ ಅಟ್ಟಿ, ಹೊರಬಾಗಿಲು ಹಾಕಿ, ಬೆಂಚಿನ ಮೇಲೆ ನಿಂತು ಕಡ್ಡಿ ಎತ್ತಿ ಹಿಡಿದಳು. ಜುಟ್ಟು ನೆಟ್ಟಗೆ, ಕಣ್ಣು ಕಡ್ಡಿಯ ಮೇಲೆ, ಕಾಲು ಮಾತ್ರ ಅಲ್ಲಾಡಲಿಲ್ಲ. ಎತ್ತರದಿಂದ ಕಡಿದಾಗಿ ಇಳಿಯುವುದು ಅವನಿಗೆ ಗೊತ್ತೇ ಇರಲಿಲ್ಲ. ಏರುವುದಕ್ಕಿಂತ ಇಳಿಯುವುದು ಹಕ್ಕಿಗೆ ನಿಧಾನವಾಗಿ ಬರುವ ವಿದ್ಯೆ. ಅವಳು ಕಡ್ಡಿಯನ್ನು ತೊಲೆಯುದ್ದಕ್ಕೂ ನಡೆಸಿ ಅಟ್ಟದ ಏಣಿಯವರೆಗೆ ತಂದಳು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದಕ್ಕೂ ಟಕ್ ಮತ್ತು ಕಾಳು. ಕೆಳಗಿನ ಮೆಟ್ಟಿಲಿಗೆ ಬಂದಾಗ ಬೆರಳು ಚಾಚಿದಳು, ಹತ್ತಿದ. ಹೊರಗೆ ಕಾಯುತ್ತಿದ್ದ ನೆಂಟರಿಗೆ ಊಟ ತಡವಾಯಿತು.

ಈಗಿನ ಸ್ಥಿತಿ: ತೂಕ 98 ಗ್ರಾಂ. ಕಚ್ಚುವುದು ಅಪರೂಪ, ಅದೂ ಹೊಸಬರನ್ನು. ಸಂಜೆ ನಿದ್ದೆಗೆ ಮುಂಚೆ ಕರಕರ ಕೊಕ್ಕು ಮಸೆಯುತ್ತಾನೆ, ನೆಮ್ಮದಿಯಲ್ಲಿರುವ ಹಕ್ಕಿ ಮಾಡುವ ಸದ್ದು ಅದು. ಮಾತು ಒಂದೂ ಬಂದಿಲ್ಲ, ಕುಕ್ಕರಿನ ಸಿಳ್ಳೆ ಮಾತ್ರ ಎಷ್ಟು ಚೆನ್ನಾಗಿ ಬರುತ್ತದೆಂದರೆ ಮನೆಯೊಡತಿ ಎರಡು ಸಲ ಅಕ್ಕಿ ಬೇಯುವ ಮೊದಲೇ ಒಲೆ ಆರಿಸಿದ್ದಾರೆ. ಯಜಮಾನರು ಹಾಳೆಟೋಪಿ ಇಟ್ಟುಕೊಂಡು ಒಳಗೆ ಬಂದರೆ ಇಂದಿಗೂ ಜುಟ್ಟು ಅಂಟುತ್ತದೆ. ಟೋಪಿಯನ್ನು ಮೊದಲು ಕೋಣೆಯ ಆ ತುದಿಯ ಕುರ್ಚಿಯ ಮೇಲಿಟ್ಟು ಕಾಳು ಕೊಡುತ್ತ, ದಿನಾ ಒಂದಿಷ್ಟು ಹತ್ತಿರ ತರುವ ಕೆಲಸ ನಡೆದಿದೆ.

ಕಾಕಟೀಲ್ ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಶಿವಮೊಗ್ಗದ ಹಾಸ್ಟೆಲ್ಲಿಗೆ ಹೋಗುವವಳು. ಅವಳು ಎರಡನೇ ಹಕ್ಕಿ ಕೇಳುತ್ತಿದ್ದಾಳೆ, ಕಿಟ್ಟುವಿಗೆ ಜೊತೆ ಎಂದು. ತರುವುದಾದರೆ ಆರು ವಾರ ಬೇರೆ ಕೋಣೆ, ಬೇರೆ ಬಟ್ಟಲು, ವೈದ್ಯರ ತಪಾಸಣೆ, ಇದೆಲ್ಲ ಆಗಬೇಕು. ಜೋಡಿಯಾದ ಮೇಲೆ ಮನುಷ್ಯರ ಹಂಗು ಕಿಟ್ಟುವಿಗೆ ಕಡಿಮೆಯಾಗಬಹುದು, ಅದಕ್ಕೂ ಮನೆಯವರು ತಯಾರಿರಬೇಕು. ಅಮ್ಮ ಇನ್ನೂ ಹೂಂ ಅಂದಿಲ್ಲ. ಸದ್ಯಕ್ಕೆ ಸಂಜೆಯ ಪಾಠವನ್ನು ಮಗಳಿಂದ ಅಮ್ಮನಿಗೆ ದಾಟಿಸುತ್ತಿದ್ದೇವೆ, ಪೆನ್ನು ಒತ್ತುವುದು ಅವರಿಗೆ ಇನ್ನೂ ಒಂದು ಗಳಿಗೆ ತಡವಾಗುತ್ತದೆ.